ಗಣಿತ ಟೀಚರ್ ಉತ್ತರ: ಆ ಸಾಲಿಗೆ ಕಾರಣವೇನು?

ಕಕ್ಕಡದ (ಆಟಿ ತಿಂಗಳ) ಮಳೆಗೆ ಶಾಲೆಗಳಿಗೆ ರಜೆ ಘೋಷಣೆಯಾದಾಗಲೆಲ್ಲ ನನಗೆ ಬರುವ ಪತ್ರಗಳು ಹೆಚ್ಚುತ್ತವೆ. ಹೋಂವರ್ಕ್ ಕೈಯಲ್ಲಿರುತ್ತದೆ, ಕೇಳಲು ಮೇಷ್ಟರು ಎದುರಿಗಿರುವುದಿಲ್ಲ. ಈ ಬಾರಿ ಬಂದವುಗಳಲ್ಲಿ ಬಹುಪಾಲು ರೇಖಾಗಣಿತದ ಸಾಧನೆಗಳ ಕುರಿತವು. ಆದ್ದರಿಂದ ಈ ಸಂಚಿಕೆಯ ಪುಟವನ್ನು ಪೂರ್ತಿ ಅವಕ್ಕೇ ಕೊಟ್ಟಿದ್ದೇನೆ. ಬೀಜಗಣಿತದ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಒಂದು ಮಾತು: ಪಠ್ಯಪುಸ್ತಕದ ಚಿತ್ರಗಳಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಲ್ಲಿ ನಾನು ಬಿಂದುಗಳನ್ನು ಅ, ಬ, ಕ, ಡ ಎಂದು ಗುರುತಿಸುತ್ತೇನೆ. ಪೆನ್ಸಿಲ್, ಹಾಳೆ ಹತ್ತಿರ ಇಟ್ಟುಕೊಂಡು ಚಿತ್ರ ಬರೆಯುತ್ತಾ ಓದಿ.

ಪ್ರಶ್ನೆ: ಟೀಚರ್, ನಾನು ಒಂಬತ್ತನೇ ತರಗತಿ. "ಸಮಾಂತರ ಚತುರ್ಭುಜದ ಕರ್ಣಗಳು ಸಮನಾಗಿದ್ದರೆ ಅದು ಆಯತ ಎಂದು ಸಾಧಿಸಿ" ಎಂದು ಹೋಂವರ್ಕ್ ಕೊಟ್ಟಿದ್ದರು. ನಾನು ಕರ್ಣಗಳು ಸಮನಾಗಿರುವ ಹಾಗೆ ಚಿತ್ರ ಬರೆದು, ಕೋನಮಾಪಕ ಇಟ್ಟು ನಾಲ್ಕೂ ಕೋನಗಳನ್ನು ಅಳೆದೆ. ಎಲ್ಲವೂ 90 ಡಿಗ್ರಿ ಬಂತು. ಅದನ್ನೇ ಬರೆದೆ. ಸರ್ ಕೆಂಪು ಶಾಯಿಯಲ್ಲಿ "ಕಾರಣ?" ಎಂದಷ್ಟೇ ಬರೆದು ಪುಸ್ತಕ ವಾಪಸ್ ಕೊಟ್ಟರು. ನಮ್ಮ ಅಪ್ಪ ಕಾಫಿ ಕಣ ಹಾಕಿಸುವಾಗ ಮೇಸ್ತ್ರಿಯ ಜೊತೆ ಸೇರಿ ಎರಡು ಕರ್ಣ ಅಳೆದು "ಮೂಲೆ ಸರಿಯಾಗಿದೆ" ಎಂದಿದ್ದರು. ಅವರಿಗೆ ಅಳತೆ ಸಾಕಾದರೆ ನನಗೆ ಯಾಕೆ ಸಾಲದು? ದಯವಿಟ್ಟು ಪೂರ್ತಿ ಸಾಧನೆ ಬರೆದುಕೊಡಿ.
— ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಮಗೂ, ಸಾಧನೆಗಿಂತ ಮೊದಲು ಕಣದ ವಿಷಯಕ್ಕೆ ಬರೋಣ, ಏಕೆಂದರೆ ನಿನ್ನ ಉತ್ತರ ಅಲ್ಲೇ ಇದೆ.

ಕಣ ಹಾಕುವವರು ಮೊದಲು ನಾಲ್ಕು ಗೂಟ ಹೊಡೆದು ದಾರ ಕಟ್ಟುತ್ತಾರೆ. ಉದ್ದ 40 ಅಡಿ, ಅಗಲ 30 ಅಡಿ ಎಂದಿಟ್ಟುಕೊ. ಎದುರುಬದುರು ಬದಿಗಳನ್ನು ಅಳೆದು ಆ ಕಡೆ 40, ಈ ಕಡೆ 40, ಹಾಗೆಯೇ 30, 30 ಇರುವಂತೆ ಸರಿಮಾಡುತ್ತಾರೆ. ಇಷ್ಟಾದರೆ ಅದು ಸಮಾಂತರ ಚತುರ್ಭುಜ. ಮೂಲೆ ಇನ್ನೂ ಓರೆಯಾಗಿರಬಹುದು. ಆಮೇಲೆ ಟೇಪನ್ನು ಮೂಲೆಯಿಂದ ಎದುರು ಮೂಲೆಗೆ ಹಿಡಿಯುತ್ತಾರೆ. ಎರಡೂ ಕಡೆ 50 ಅಡಿ ಬಂದರೆ ಮೂಲೆ ಕೂತಿತು. ಒಂದು ಕರ್ಣ 51 ಅಡಿ ಬಂತು ಎನ್ನು, ಆಗ ಇನ್ನೊಂದು 49 ಅಡಿಗೂ ಒಂದಿಷ್ಟು ಕಡಿಮೆಯಾಗಿಬಿಡುತ್ತದೆ. ಎರಡು ಅಡಿಯ ವ್ಯತ್ಯಾಸ ಟೇಪಿನಲ್ಲಿ ಯಾರ ಕಣ್ಣಿಗೂ ಬೀಳುತ್ತದೆ. ಆದರೆ ಆ ಕಣದ ಮೂಲೆ ಕೆಟ್ಟಿರುವುದು ಎಷ್ಟು? ಎರಡೂವರೆ ಡಿಗ್ರಿಗಿಂತಲೂ ಕಡಿಮೆ. ನಿನ್ನ ಜಾಮಿತಿ ಪೆಟ್ಟಿಗೆಯ ಕೋನಮಾಪಕದಲ್ಲಿ ಅದು ಎರಡು ಸಣ್ಣ ಗೀಟುಗಳಷ್ಟು. ಪೆನ್ಸಿಲ್ ಮೊಂಡಾಗಿದ್ದರೆ ಅಷ್ಟು ಗೊತ್ತೇ ಆಗುವುದಿಲ್ಲ. ಸಣ್ಣ ಮೂಲೆಮಟ್ಟವೊಂದನ್ನೇ ನಂಬಿ ದೊಡ್ಡ ಕಣ ಹಾಕಲು ಅನುಭವಿ ಮೇಸ್ತ್ರಿಗಳು ಒಪ್ಪದಿರುವುದು ಇದಕ್ಕೇ.

ಈಗ ನೋಡು, ನಿನ್ನ ಅಪ್ಪ ಮೂಲೆಯ ಕೋನವನ್ನು ಅಳೆಯಲೇ ಇಲ್ಲ. ಬದಿಗಳನ್ನು ಅಳೆದರು, ಕರ್ಣಗಳನ್ನು ಅಳೆದರು, ಕೋನ 90 ಡಿಗ್ರಿ ಇರಲೇಬೇಕು ಎಂದು ನಿರ್ಧರಿಸಿದರು. ಉದ್ದದ ಅಳತೆಯಿಂದ ಕೋನದ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ಅವರಿಗೆ ಬಲ ಕೊಟ್ಟದ್ದು ಯಾವುದು? ನಿನ್ನ ಹೋಂವರ್ಕ್‌ನಲ್ಲಿರುವ ಪ್ರಮೇಯವೇ. ಟೇಪನ್ನು ಏಕೆ ನಂಬಬಹುದು ಎಂಬುದನ್ನು ನಿನ್ನ ಸರ್ ನಿನ್ನಿಂದ ಕೇಳುತ್ತಿದ್ದಾರೆ. ಅದಕ್ಕೆ ಉತ್ತರವಾಗಿ ಮತ್ತೊಂದು ಅಳತೆ ಕೊಟ್ಟರೆ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಅಲ್ಲದೆ ನೀನು ಅಳೆದದ್ದು ಒಂದು ಚಿತ್ರವನ್ನು. ನಾಪೋಕ್ಲಿನ ಕಣ, ಮಡಿಕೇರಿಯ ಮನೆಯ ಅಡಿಪಾಯ, ಇನ್ನೂ ಯಾರೂ ಬರೆಯದ ಚತುರ್ಭುಜ, ಇವೆಲ್ಲಕ್ಕೂ ಸೇರಿಸಿ ಒಂದೇ ಸಲ ಹೇಳುವ ಶಕ್ತಿ ಸಾಧನೆಗೆ ಮಾತ್ರ ಇದೆ. ಅಳತೆಯನ್ನು ನಾನು ಕೀಳು ಮಾಡುತ್ತಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಫಲಗಳನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕೆಲಸ ನಡೆಯಲು ಸಾಕಾಗುವುದು ಬೇರೆ, ಕರಾರುವಾಕ್ಕಾದದ್ದು ಬೇರೆ ಎಂಬ ಎಚ್ಚರ ನಮ್ಮ ನಾಡಿನ ಲೆಕ್ಕದವರಿಗೆ ಅಂದೇ ಇತ್ತು.

ಇನ್ನು ಸಾಧನೆ. ಪೂರ್ತಿ ಬರೆದುಕೊಡುತ್ತೇನೆ. ಆದರೆ ಅದು ಹೇಗೆ ಹೊಳೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಮೇಲಿನಿಂದ ಕೆಳಕ್ಕೆ ಬರೆದ ಸಾಧನೆಯನ್ನು ಓದಿದರೆ ಅದು ಯಾರಿಗೋ ಆಕಾಶದಿಂದ ಇಳಿದುಬಂತು ಎನಿಸುತ್ತದೆ. ಹಾಗೇನಿಲ್ಲ. ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಹೋಗುತ್ತೇವೆ.

ಚತುರ್ಭುಜ ಅಬಕಡ ಬರೆದುಕೊ. ಕರ್ಣಗಳು ಅಕ ಮತ್ತು ಬಡ. ಕೊನೆಗೆ ಬೇಕಾದದ್ದು ಏನು? ಇದು ಆಯತ ಎಂದು. ಒಂದು ಕೋನ 90 ಡಿಗ್ರಿ ಇರುವ ಸಮಾಂತರ ಚತುರ್ಭುಜವೇ ಆಯತ ತಾನೆ? ಅಂದರೆ ನಾಲ್ಕು ಮೂಲೆಗಳ ಚಿಂತೆ ಬೇಡ, ಒಂದು ಮೂಲೆ ಸಾಕು. ಆದರೆ ದತ್ತದಲ್ಲಿ ಒಂದು ಕೋನದ ಅಳತೆಯೂ ಇಲ್ಲ, 90 ಎಲ್ಲಿಂದ ತರುವುದು? ಎರಡು ಕೋನಗಳ ಮೊತ್ತ 180 ಆಗಿದ್ದು, ಅವೆರಡೂ ಸಮನಾಗಿದ್ದರೆ ತಲಾ 90. ಮೊತ್ತ 180 ಇರುವ ಜೋಡಿ ನಮ್ಮ ಬಳಿ ಇದೆ: ಅಬ ಮತ್ತು ಡಕ ಸಮಾಂತರ, ಬಕ ಛೇದಕ (ಎರಡನ್ನೂ ಅಡ್ಡ ಹಾಯುವ ಗೆರೆ), ಆದ್ದರಿಂದ ಬ ಮತ್ತು ಕ ಮೂಲೆಗಳ ಮೊತ್ತ 180. ಹಾಗಾದರೆ ಆ ಎರಡು ಮೂಲೆಗಳು ಸಮ ಎಂದು ತೋರಿಸಿದರೆ ಮುಗಿಯಿತು. ಕೋನಗಳು ಸಮ ಎಂದು ತೋರಿಸಲು ನಿಮ್ಮ ತರಗತಿಯಲ್ಲಿ ಕೈಗೆ ಸಿಗುವ ಒಳ್ಳೆಯ ಸಾಧನ ಸರ್ವಸಮ ತ್ರಿಭುಜಗಳು, ಅಂದರೆ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರುವ ತ್ರಿಭುಜಗಳು.

ಯಾವ ತ್ರಿಭುಜಗಳು? ನನ್ನ ತರಗತಿಗಳಲ್ಲಿ ಮಕ್ಕಳು ಅತಿ ಹೆಚ್ಚು ದಾರಿ ತಪ್ಪುತ್ತಿದ್ದದ್ದು ಇಲ್ಲಿಯೇ. ಕಣ್ಣಿಗೆ ಮೊದಲು ಕಾಣುವುದು ಒಂದು ಕರ್ಣದ ಆಚೆ ಈಚೆ ಇರುವ ಅಬಕ ಮತ್ತು ಕಡಅ. ಅವು ಸರ್ವಸಮವೇನೋ ಹೌದು. ಆದರೆ ಯಾವ ಸಮಾಂತರ ಚತುರ್ಭುಜದಲ್ಲಾದರೂ ಅವು ಸರ್ವಸಮ, ಎಷ್ಟು ಓರೆಯಾಗಿದ್ದರೂ ಸರ್ವಸಮ. ಕರ್ಣಗಳು ಸಮ ಎಂಬ ದತ್ತವನ್ನು ಅಲ್ಲಿ ನಾವು ಮುಟ್ಟಿಯೇ ಇಲ್ಲ. ಮುಟ್ಟದೆ ಆಯತಕ್ಕೆ ತಲುಪಿದ್ದರೆ ಲೋಕದ ಎಲ್ಲ ಸಮಾಂತರ ಚತುರ್ಭುಜಗಳೂ ಆಯತಗಳಾಗಬೇಕಿತ್ತು! ಆದ್ದರಿಂದ ಒಂದು ತ್ರಿಭುಜದಲ್ಲಿ ಅಕ ಇರಬೇಕು, ಇನ್ನೊಂದರಲ್ಲಿ ಬಡ ಇರಬೇಕು, ಬ ಮೂಲೆ ಒಂದರಲ್ಲಿ, ಕ ಮೂಲೆ ಇನ್ನೊಂದರಲ್ಲಿ ಇರಬೇಕು. ಹೀಗೆ ಹುಡುಕಿದರೆ ಸಿಗುವುದು ಅಬಕ ಮತ್ತು ಡಕಬ. ಇವು ಒಂದರ ಮೇಲೊಂದು ಬಿದ್ದಿರುವುದರಿಂದ ಕಣ್ಣಿಗೆ ಬೇಗ ಬೀಳುವುದಿಲ್ಲ. ಪಕ್ಕದಲ್ಲಿ ಎರಡನ್ನೂ ಬಿಡಿಸಿ ಬೇರೆ ಬೇರೆಯಾಗಿ ಬರೆದುಕೊ, ಎರಡಕ್ಕೂ ಬಕ ಬದಿಯನ್ನು ಕೆಳಗಿಟ್ಟು. ಎಲ್ಲ ಗೊಂದಲ ಅಲ್ಲೇ ಕಳೆಯುತ್ತದೆ.

ಈಗ ಬರೆಯುವ ರೀತಿ:

ದತ್ತ: ಅಬಕಡ ಒಂದು ಸಮಾಂತರ ಚತುರ್ಭುಜ; ಅಕ = ಬಡ.
ಸಾಧನೀಯ: ಅಬಕಡ ಒಂದು ಆಯತ.
ಸಾಧನೆ: ತ್ರಿಭುಜ ಅಬಕ ಮತ್ತು ತ್ರಿಭುಜ ಡಕಬಗಳಲ್ಲಿ,
ಅಬ = ಡಕ (ಸಮಾಂತರ ಚತುರ್ಭುಜದ ಅಭಿಮುಖ ಬಾಹುಗಳು)
ಬಕ = ಕಬ (ಉಭಯಸಾಮಾನ್ಯ ಬಾಹು)
ಅಕ = ಡಬ (ದತ್ತ)
ಆದ್ದರಿಂದ ತ್ರಿಭುಜ ಅಬಕ ≅ ತ್ರಿಭುಜ ಡಕಬ (ಬಾಬಾಬಾ, ಅಂದರೆ ಬಾಹು-ಬಾಹು-ಬಾಹು ನಿಯಮ)
ಆದ್ದರಿಂದ ∠ಅಬಕ = ∠ಡಕಬ (ಸರ್ವಸಮ ತ್ರಿಭುಜಗಳ ಅನುರೂಪ ಕೋನಗಳು)
ಆದರೆ ∠ಅಬಕ + ∠ಡಕಬ = 180° (ಅಬ ∥ ಡಕ; ಛೇದಕದ ಒಂದೇ ಪಾರ್ಶ್ವದ ಅಂತಃಕೋನಗಳು)
ಆದ್ದರಿಂದ ∠ಅಬಕ = 90°.
ಒಂದು ಕೋನ ಲಂಬಕೋನವಾಗಿರುವುದರಿಂದ ಸಮಾಂತರ ಚತುರ್ಭುಜ ಅಬಕಡ ಒಂದು ಆಯತ.

ಆವರಣದೊಳಗಿರುವುದನ್ನೇ ನಿನ್ನ ಸರ್ ಕೇಳಿದ್ದು. ಎಡಗಡೆಯ ಸಾಲುಗಳಿಗಿಂತ ಅವೇ ಮುಖ್ಯ.

ಇದನ್ನು ನೋಡಿ ಬರೆದು ಮುಗಿಸಬೇಡ, ಒಂದು ಕೆಲಸ ಉಳಿದಿದೆ. ಅಡ ಮತ್ತು ಬಕ ಮಾತ್ರ ಸಮಾಂತರವಾಗಿದ್ದು, ಓರೆ ಬದಿಗಳಾದ ಅಬ, ಡಕ ಸಮನಾಗಿರುವ ತ್ರಾಪಿಜ್ಯವೊಂದನ್ನು ಬರೆ. ಅದರ ಕರ್ಣಗಳೂ ಸಮನಾಗಿರುತ್ತವೆ, ಅಳೆದು ನೋಡು. ಆದರೂ ಅದು ಆಯತವಲ್ಲ. ಹಾಗಾದರೆ ಮೇಲಿನ ಸಾಧನೆಯ ಯಾವ ಸಾಲು ಅಲ್ಲಿ ಮುರಿದುಬೀಳುತ್ತದೆ? ಸರ್ವಸಮತೆಯ ಸಾಲುಗಳಲ್ಲಿ ಹುಡುಕಬೇಡ, ಅವು ಗಟ್ಟಿಯಾಗಿಯೇ ನಿಲ್ಲುತ್ತವೆ. ಸಿಕ್ಕ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು ನಿನ್ನ ಸರ್‌ಗೆ ತೋರಿಸು. ಅಪ್ಪನಿಗೂ ತೋರಿಸು, ಕರ್ಣಕ್ಕೆ ಮುಂಚೆ ಬದಿಗಳನ್ನು ಏಕೆ ಅಳೆದರೆಂದು ಅವರು ನಿನಗೆ ಹೇಳುತ್ತಾರೆ.

ಪ್ರಶ್ನೆ: ಟೀಚರ್ ಅವರಿಗೆ ನಮಸ್ಕಾರ. ಮಗ ಹತ್ತನೇ ತರಗತಿ. ಥೇಲ್ಸ್ ಪ್ರಮೇಯವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಕಿರುಪರೀಕ್ಷೆಯಲ್ಲಿ ತ್ರಿಭುಜಕ್ಕೆ ಬೇರೆ ಅಕ್ಷರ ಕೊಟ್ಟಿದ್ದಕ್ಕೆ ಗೊಂದಲವಾಗಿ ಎಲ್ಲ ತಪ್ಪು ಬರೆದು ಬಂದ. ಹೋಂವರ್ಕನ್ನು ಮೊಬೈಲಿನಲ್ಲಿ ಫೋಟೊ ಹೊಡೆದರೆ ಉತ್ತರ ಬರುತ್ತದಂತೆ, ಅದನ್ನು ನೋಡಿ ಬರೆಯುತ್ತಾನೆ. ನಾನು ಓದಿದ್ದು ಏಳನೇ ತರಗತಿ. ಅವನ ಅಪ್ಪನಿಗೆ ತೋಟದ ಕೆಲಸ ಮುಗಿಸಿ ಬರುವಾಗ ಕತ್ತಲಾಗುತ್ತದೆ. ಟ್ಯೂಷನ್‌ಗೆ ಕಳಿಸೋಣವೆಂದರೆ ಪೇಟೆ ದೂರ. ನನ್ನಿಂದ ಏನಾದರೂ ಮಾಡಲು ಆಗುತ್ತದೆಯೇ?
— ಒಬ್ಬ ತಾಯಿ, ಶನಿವಾರಸಂತೆ ಹೋಬಳಿ

ಉತ್ತರ: ಆಗುತ್ತದೆ ತಾಯಿ, ಖಂಡಿತ ಆಗುತ್ತದೆ. ನಿಮಗೆ ಪ್ರಮೇಯ ಗೊತ್ತಿರಬೇಕಾಗಿಲ್ಲ. ಅಡುಗೆಮನೆಯಲ್ಲಿ ನೀವು ಕೆಲಸ ಮಾಡುತ್ತಿರುವಾಗ ಅವನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಲಿ. ಪ್ರತಿ ಸಾಲಿನ ಕೊನೆಗೆ ನೀವು "ಅದು ಯಾಕೆ ಹಾಗೆ?" ಎಂದು ಕೇಳಿ. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕಾದದ್ದು ಅವನ ಜವಾಬ್ದಾರಿ. "ಪುಸ್ತಕದಲ್ಲಿ ಹಾಗೇ ಇದೆ" ಎಂದನೋ, ಅವನು ಬಾಯಿಪಾಠ ಮಾಡಿದ ಜಾಗ ಅದೇ. ಅಲ್ಲಿ ನಿಲ್ಲಿಸಿ. ಸಿಟ್ಟು ಮಾಡಬೇಡಿ, ಮುಂದಕ್ಕೂ ಬಿಡಬೇಡಿ.

ಥೇಲ್ಸ್ ಪ್ರಮೇಯದಲ್ಲಿ ಆ ಜಾಗ ಎಲ್ಲಿ ಬರುತ್ತದೆ ಎಂದು ನಾನು ಹೇಳಿಬಿಡುತ್ತೇನೆ. ಪ್ರಮೇಯ ಇಷ್ಟೇ: ತ್ರಿಭುಜದ ಒಂದು ಬದಿಗೆ ಸಮಾಂತರವಾಗಿ ಒಳಗೊಂದು ಗೆರೆ ಎಳೆದರೆ, ಅದು ಉಳಿದೆರಡು ಬದಿಗಳನ್ನು ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ. ತ್ರಿಭುಜ ಅಬಕ; ಅಬ ಬದಿಯ ಮೇಲೆ ಡ, ಅಕ ಬದಿಯ ಮೇಲೆ ಇ; ಡಇ ಗೆರೆ ಬಕಗೆ ಸಮಾಂತರ. ಬಇ, ಕಡ ಎಂದು ಎರಡು ಗೆರೆ ಸೇರಿಸುತ್ತಾರೆ. ಅಡಇ ಮತ್ತು ಬಡಇ ತ್ರಿಭುಜಗಳಿಗೆ ಇ ಬಿಂದುವಿನಿಂದ ಎತ್ತರ ಒಂದೇ, ಆದ್ದರಿಂದ ಅವುಗಳ ವಿಸ್ತೀರ್ಣಗಳ ಅನುಪಾತ ಅಡ : ಡಬ. ಅದೇ ರೀತಿ ಅಡಇ ಮತ್ತು ಕಡಇ ವಿಸ್ತೀರ್ಣಗಳ ಅನುಪಾತ ಅಇ : ಇಕ. ಇಲ್ಲಿಯವರೆಗೆ ಮಕ್ಕಳು ಸರಾಗವಾಗಿ ಬರುತ್ತಾರೆ. ಮುಂದಿನ ಸಾಲು "ಬಡಇ ಮತ್ತು ಕಡಇ ತ್ರಿಭುಜಗಳ ವಿಸ್ತೀರ್ಣ ಸಮ" ಎಂದಿರುತ್ತದೆ. ಇಡೀ ಪ್ರಮೇಯ ನಿಂತಿರುವುದು ಈ ಸಾಲಿನ ಮೇಲೆ. ಸಮಾಂತರ ಎಂಬ ದತ್ತ ಕೆಲಸಕ್ಕೆ ಬರುವುದೂ ಇಲ್ಲಿ ಮಾತ್ರ. "ಅವೆರಡೂ ಯಾಕೆ ಸಮ? ನೋಡಲು ಬೇರೆ ಬೇರೆ ಆಕಾರ ಇವೆಯಲ್ಲ?" ಎಂದು ಕೇಳಿ.

ಅವನು ಹೇಳುವ ಉತ್ತರ ಸರಿಯೋ ಅಲ್ಲವೋ ಎಂದು ತಿಳಿಯಲು ನೀವೂ ಒಮ್ಮೆ ಮಾಡಿ ನೋಡಬಹುದು. ಸ್ಕೇಲನ್ನು ಹಾಳೆಯ ಮೇಲಿಟ್ಟು ಅದರ ಎರಡೂ ಅಂಚಿಗೆ ಗೆರೆ ಎಳೆಯಿರಿ. ಎರಡು ಸಮಾಂತರ ಗೆರೆಗಳಾದವು. ಕೆಳಗಿನ ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟು ಅದನ್ನು ತ್ರಿಭುಜದ ಪಾದ ಮಾಡಿ. ಮೇಲಿನ ಗೆರೆಯ ಮೇಲೆ ಎಲ್ಲಿ ಬೇಕಾದರೂ ಮೂರನೆಯ ಚುಕ್ಕೆ ಇಟ್ಟು ಸೇರಿಸಿ. ಆಮೇಲೆ ಇನ್ನೊಂದು ಕಡೆ ಇಟ್ಟು ಸೇರಿಸಿ. ಒಂದು ತ್ರಿಭುಜ ನೆಟ್ಟಗಿರುತ್ತದೆ, ಇನ್ನೊಂದು ವಾಲಿಕೊಂಡಿರುತ್ತದೆ. ಆದರೆ ಎರಡಕ್ಕೂ ಪಾದ ಒಂದೇ, ಎತ್ತರ ಸ್ಕೇಲಿನ ಅಗಲದಷ್ಟೇ. ತ್ರಿಭುಜದ ವಿಸ್ತೀರ್ಣ ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧವಾದ್ದರಿಂದ ಎರಡೂ ಸಮವಾಗಲೇಬೇಕು. ಮಗ ತನ್ನ ಚಿತ್ರದಲ್ಲಿ ಡಇ ಪಾದ ಎಂದೂ, ಬ ಮತ್ತು ಕ ಚುಕ್ಕೆಗಳು ಅದಕ್ಕೆ ಸಮಾಂತರವಾದ ಗೆರೆಯ ಮೇಲಿವೆ ಎಂದೂ ನಿಮಗೆ ತೋರಿಸಿಕೊಟ್ಟನೆಂದರೆ ಪ್ರಮೇಯ ಅವನದಾಯಿತು. ಕ್ರಿಸ್ತಪೂರ್ವ 300ರ ಸುಮಾರಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಆರನೆಯ ಭಾಗದಲ್ಲಿ ಇದನ್ನು ಸಾಧಿಸಿರುವುದೂ ಹೀಗೆಯೇ, ವಿಸ್ತೀರ್ಣಗಳ ಮೂಲಕ.

ಅವನು ನಿಮಗೆ ವಿವರಿಸುವಾಗ ಪಠ್ಯಪುಸ್ತಕದ ಭಾಷೆಯೇ ಬೇಕೆಂದು ಹಟ ಹಿಡಿಯಬೇಡಿ. ಮನೆಯಲ್ಲಿ ಅರೆಭಾಷೆಯೋ ಕೊಡವ ತಕ್ಕೋ ಮಲಯಾಳವೋ ತುಳುವೋ, ಯಾವುದು ಸಲೀಸೋ ಅದರಲ್ಲೇ ಹೇಳಲಿ. ತಲೆಯಲ್ಲಿ ವಿಷಯ ತಿಳಿಯಾದ ಮೇಲೆ ಬರೆಯುವ ಮಾತುಗಳನ್ನು ಕಲಿಯುವುದು ಒಂದು ಸಂಜೆಯ ಕೆಲಸ. ವಿಷಯವೇ ಇಲ್ಲದೆ ಮಾತುಗಳನ್ನು ಮಾತ್ರ ಕಲಿತರೆ, ಅಕ್ಷರ ಬದಲಾದ ಕೂಡಲೇ ಎಲ್ಲವೂ ಕುಸಿಯುತ್ತದೆ. ನಿಮ್ಮ ಮಗನಿಗೆ ಆದದ್ದು ಅದು.

ಮೊಬೈಲನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ನಾಲ್ಕು ದಿನ ಮಳೆ ಬಿಡದಿದ್ದಾಗ, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದಾಗ, ಅದರಲ್ಲೊಂದು ಉತ್ತರ ಸಿಗುವುದು ಮಕ್ಕಳಿಗೆ ಆಸರೆಯೇ. ಆದರೆ ಕ್ರಮ ಬದಲಾಗಲಿ. ಮೊದಲು ದತ್ತ, ಸಾಧನೀಯ, ಚಿತ್ರ ಇಷ್ಟನ್ನು ಸ್ವಂತವಾಗಿ ಬರೆಯಲಿ. ಸಿಕ್ಕಿಹಾಕಿಕೊಂಡರೆ ಮೊಬೈಲ್ ನೋಡಲಿ, ಓದಿ ಮುಚ್ಚಿಡಲಿ. ಊಟ ಮುಗಿದ ಮೇಲೆ ಬೇರೆ ಹಾಳೆಯಲ್ಲಿ, ಬೇರೆ ಅಕ್ಷರಗಳನ್ನಿಟ್ಟು, ತ್ರಿಭುಜವನ್ನು ತಲೆಕೆಳಗು ಮಾಡಿ ಬರೆಯಲಿ. ಕೈ ನಿಂತ ಸಾಲನ್ನು ಮಾತ್ರ ಮತ್ತೆ ನೋಡಲು ಬಿಡಿ. ಆ್ಯಪ್‌ಗಳಲ್ಲಿ ಬರುವ ಸಾಧನೆಗಳಲ್ಲಿ ತಪ್ಪು ಕಾರಣಗಳೂ ಇರುತ್ತವೆ ಎಂಬುದನ್ನು ಅವನಿಗೆ ಹೇಳಿ. "ಇದರಲ್ಲಿ ತಪ್ಪು ಹುಡುಕು" ಎಂದರೆ ಹತ್ತನೇ ತರಗತಿಯ ಹುಡುಗರು "ಇದನ್ನು ಕಲಿ" ಎನ್ನುವುದಕ್ಕಿಂತ ಹೆಚ್ಚು ಗಮನವಿಟ್ಟು ಓದುತ್ತಾರೆ.

ಪ್ರಶ್ನೆ: ಟೀಚರ್, ನಾವು ಹಾಸ್ಟೆಲಿನಲ್ಲಿ ಒಟ್ಟಿಗೆ ಕೂತು ಹೋಂವರ್ಕ್ ಮಾಡುತ್ತೇವೆ. ಸಮದ್ವಿಬಾಹು ತ್ರಿಭುಜದಲ್ಲಿ ಸಮಬಾಹುಗಳ ಎದುರಿನ ಕೋನಗಳು ಸಮ ಎಂದು ಸಾಧಿಸಬೇಕಿತ್ತು. ನಮ್ಮಲ್ಲಿ ಒಬ್ಬ ಮೇಲಿನ ಕೋನವನ್ನು ಅರ್ಧಿಸುವ ಗೆರೆ ಎಳೆದ. ಇನ್ನೊಬ್ಬ ಪಾದದ ಮಧ್ಯಬಿಂದುವಿಗೆ ಗೆರೆ ಎಳೆದ. ಮತ್ತೊಬ್ಬ ಗೆಳೆಯ "ಕೋನವನ್ನು ಅರ್ಧಿಸುವ ಹಾಗೆಯೂ ಪಾದಕ್ಕೆ ಲಂಬವಾಗುವ ಹಾಗೆಯೂ ಗೆರೆ ಎಳೆಯಿರಿ" ಎಂದು ಬರೆದ. ಯಾರದು ಸರಿ? ಒಟ್ಟಿಗೆ ಮಾಡುವುದು ಕಾಪಿ ಹೊಡೆದಂತೆ ಆಗುತ್ತದೆಯೇ?
— ಒಂಬತ್ತನೇ ತರಗತಿಯ ಗೆಳೆಯರು, ಕುಶಾಲನಗರ

ಉತ್ತರ: ಒಟ್ಟಿಗೆ ಕೂತು ಜಗಳವಾಡಿ, ಬೇರೆ ಬೇರೆ ಕೂತು ಬರೆಯಿರಿ. ಅದು ಕಾಪಿಯಲ್ಲ. ಮೂವರು ಮೂರು ಗೆರೆ ಎಳೆದಿರುವುದೇ ನೀವು ಕಾಪಿ ಮಾಡಿಲ್ಲ ಎಂಬುದಕ್ಕೆ ಸಾಕ್ಷಿ.

ಮೂರನೆಯವನದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ತಪ್ಪು ತುಂಬಾ ಜನರಲ್ಲಿ ಕಾಣುತ್ತದೆ. ಶೃಂಗದಿಂದ ಗೆರೆ ಎಳೆಯುವಾಗ ಒಂದೇ ಒಂದು ಷರತ್ತು ಹಾಕುವ ಸ್ವಾತಂತ್ರ್ಯ ನಿಮಗಿದೆ. ಕೋನವನ್ನು ಅರ್ಧಿಸಲಿ ಎಂದರೆ ಅದು ಪಾದವನ್ನು ಎಲ್ಲಿ, ಯಾವ ಕೋನದಲ್ಲಿ ಮುಟ್ಟುತ್ತದೆ ಎಂಬುದು ತಾನಾಗಿ ನಿಗದಿಯಾಗುತ್ತದೆ. ಲಂಬವೂ ಆಗಲಿ ಎಂದು ಸೇರಿಸಿದರೆ, ಅಂಥ ಗೆರೆಯೊಂದು ಇದೆಯೇ ಎಂದು ನೀವು ತೋರಿಸಬೇಕಾಗುತ್ತದೆ. ಸಮದ್ವಿಬಾಹು ತ್ರಿಭುಜದಲ್ಲಿ ಅದು ಇರುವುದು ನಿಜ. ಆದರೆ ಸಾಧಿಸಬೇಕಾದ ವಿಷಯದ ಪಕ್ಕದ ಮನೆಯನ್ನೇ ರಚನೆಯಲ್ಲಿ ಪುಕ್ಕಟೆ ತೆಗೆದುಕೊಂಡಂತಾಯಿತು. ಆ ಉತ್ತರಕ್ಕೆ ಅಂಕ ಕಡಿಮೆ ಮಾಡಿದರೆ ಮೇಷ್ಟರ ಮೇಲೆ ಬೇಸರಿಸಬೇಡಿ.

ಮೊದಲನೆಯವನದು ಸ್ವಚ್ಛವಾಗಿದೆ. ಅಬ = ಅಕ ದತ್ತ, ಅರ್ಧಿಸಿದ ಕೋನಗಳು ಸಮ, ನಡುವಿನ ಗೆರೆ ಎರಡಕ್ಕೂ ಸೇರಿದ್ದು. ಬಾಕೋಬಾ (ಬಾಹು-ಕೋನ-ಬಾಹು) ನಿಯಮದಿಂದ ಎರಡು ತ್ರಿಭುಜಗಳು ಸರ್ವಸಮ, ಆದ್ದರಿಂದ ಬ ಮತ್ತು ಕ ಕೋನಗಳು ಸಮ.

ಎರಡನೆಯವನದು ಬಾಬಾಬಾ ನಿಯಮವನ್ನು ನೆಚ್ಚಿಕೊಂಡಿದೆ. ಲೆಕ್ಕಕ್ಕೆ ತಪ್ಪಿಲ್ಲ. ಆದರೂ ಇಲ್ಲೊಂದು ಸೂಕ್ಷ್ಮವಿದೆ, ಕಿವಿಗೊಟ್ಟು ಕೇಳಿ. ಬಾಬಾಬಾ ನಿಯಮವನ್ನು ಯೂಕ್ಲಿಡ್ ತನ್ನ ಮೊದಲ ಭಾಗದ ಎಂಟನೆಯ ಪ್ರಮೇಯವಾಗಿ ಸಾಧಿಸುತ್ತಾನೆ. ಎಂಟನೆಯದು ಏಳನೆಯದರ ಮೇಲೆ ನಿಂತಿದೆ, ಏಳನೆಯದು ಐದನೆಯದರ ಮೇಲೆ. ಆ ಐದನೆಯದೇ ನಿಮ್ಮ ಈ ಸಮದ್ವಿಬಾಹು ತ್ರಿಭುಜದ ಪ್ರಮೇಯ! ಅಂದರೆ ಯೂಕ್ಲಿಡ್‌ನ ಕ್ರಮದಲ್ಲಿ ಎರಡನೆಯ ಗೆಳೆಯನ ಸಾಧನೆ ಸುತ್ತಿ ಬಂದು ತನ್ನ ಕಾಲ ಮೇಲೆ ತಾನೇ ಕೂರುತ್ತದೆ. ನಿಮ್ಮ ತರಗತಿಯಲ್ಲಿ ಬಾಬಾಬಾ ನಿಯಮವನ್ನು ಆಗಲೇ ಒಪ್ಪಿಕೊಂಡು ಮುಂದುವರಿದಿದ್ದರೆ ಅದನ್ನು ಬಳಸಬಹುದು. ಇಲ್ಲವಾದರೆ ಕೋನಾರ್ಧಕದ ದಾರಿಯೇ ಕ್ಷೇಮ. ಯಾವ ನಿಯಮವನ್ನು ಬಳಸುವಾಗಲೂ "ಇದು ನಮಗೆ ಮೊದಲೇ ಸಿಕ್ಕಿದೆಯೇ?" ಎಂದು ಪುಸ್ತಕದ ಪುಟ ಹಿಂದಕ್ಕೆ ತಿರುವಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಮೂವರಿಗೂ ಒಂದು ಉಡುಗೊರೆ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಪ್ಯಾಪಸ್ ಎಂಬ ಗಣಿತಜ್ಞ ಒಂದು ಗೆರೆಯನ್ನೂ ಎಳೆಯದೆ ಇದನ್ನು ಸಾಧಿಸಿದ. ತ್ರಿಭುಜ ಅಬಕವನ್ನು ಅದರದೇ ಮಗುಚಿದ ರೂಪವಾದ ಅಕಬ ಜೊತೆ ಹೋಲಿಸಿ. ಅಬ = ಅಕ, ಅಕ = ಅಬ, ನಡುವಿನ ಅ ಕೋನ ಎರಡರಲ್ಲೂ ಅದೇ. ಬಾಕೋಬಾ ನಿಯಮದಿಂದ ಸರ್ವಸಮ, ಆದ್ದರಿಂದ ಬ ಕೋನ ಕ ಕೋನಕ್ಕೆ ಸಮ. ಮುಗಿಯಿತು. ಹಾಳೆಯಲ್ಲಿ ತ್ರಿಭುಜ ಕತ್ತರಿಸಿ ಮಗುಚಿ ಅದರದೇ ಜಾಗದಲ್ಲಿ ಕೂರಿಸಿ ನೋಡಿ, ಪ್ಯಾಪಸ್ ಏನು ಹೇಳುತ್ತಿದ್ದಾನೆಂದು ಬೆರಳಿಗೇ ತಿಳಿಯುತ್ತದೆ. ಇಷ್ಟು ಚಿಕ್ಕದಾದ, ಇಷ್ಟು ಚೆಂದದ ಸಾಧನೆ ಶಾಲಾ ಗಣಿತದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೇಡಂ, ಪೈಥಾಗೊರಸ್ ಪ್ರಮೇಯಕ್ಕೆ ಮಗಳ ನೋಟ್ಸ್‌ನಲ್ಲಿ ಸಮರೂಪ ತ್ರಿಭುಜಗಳ ಸಾಧನೆ ಇದೆ. ನಾನು ಓದುವಾಗ ಮೂರು ಬದಿಗಳ ಮೇಲೆ ಚೌಕ ಬರೆದು ಮಾಡುವ ಸಾಧನೆ ಇತ್ತು. ನನಗೆ ತಿಳಿದದ್ದನ್ನು ಹೇಳಿಕೊಟ್ಟರೆ ಅವಳಿಗೆ ತೊಂದರೆಯಾಗುತ್ತದೆಯೇ?
— ಒಬ್ಬ ತಂದೆ, ಪೊನ್ನಂಪೇಟೆ

ಉತ್ತರ: ಹೇಳಿಕೊಡಿ, ಸಂತೋಷವಾಗಿ ಹೇಳಿಕೊಡಿ. ನೀವು ಓದಿದ್ದೂ ಯೂಕ್ಲಿಡ್‌ನದೇ, ಮೊದಲ ಭಾಗದ 47ನೆಯ ಪ್ರಮೇಯ. ಪರೀಕ್ಷೆಗೆ ಮಾತ್ರ ಅವಳು ತರಗತಿಯಲ್ಲಿ ಕಲಿತ ದಾರಿಯನ್ನೇ ಗಟ್ಟಿ ಮಾಡಿಕೊಳ್ಳಲಿ. ಲಂಬಕೋನದ ಮೂಲೆಯಿಂದ ವಿಕರ್ಣಕ್ಕೆ (ಆ ಮೂಲೆಯ ಎದುರಿನ ಬದಿಗೆ) ಲಂಬ ಎಳೆದರೆ ಆಗುವ ಎರಡು ಚಿಕ್ಕ ತ್ರಿಭುಜಗಳೂ ದೊಡ್ಡದಕ್ಕೆ ಸಮರೂಪ, ಅಂದರೆ ಅಳತೆ ಬೇರೆಯಾದರೂ ಆಕಾರ ಒಂದೇ, ಎಂಬುದು ಆ ಸಾಧನೆಯ ಜೀವಾಳ. ಅದನ್ನು ಅವಳಿಂದ ಕೇಳಿ ತಿಳಿಯಿರಿ. ನಿಮ್ಮದನ್ನು ಅವಳಿಗೆ ಕೊಟ್ಟು ಅವಳದನ್ನು ನೀವು ಪಡೆದರೆ ಅಂಥ ಸಂಜೆ ಟ್ಯೂಷನ್‌ಗೆ ಮಿಗಿಲು.

ಇಬ್ಬರಿಗೂ ಹೊಸದಾಗಿರಲಿ ಎಂದು ಇನ್ನೊಂದನ್ನು ಕೊಡುತ್ತೇನೆ. 1881ರಲ್ಲಿ ಅಮೆರಿಕದ ಅಧ್ಯಕ್ಷರಾದ ಗಾರ್ಫೀಲ್ಡ್ ಅದಕ್ಕೆ ಐದು ವರ್ಷ ಮೊದಲು, 1876ರಲ್ಲಿ, ಪ್ರಕಟಿಸಿದ ಸಾಧನೆ ಇದು. ಬದಿಗಳು ಪ, ಫ, ವಿಕರ್ಣ ವ ಇರುವ ಲಂಬಕೋನ ತ್ರಿಭುಜವನ್ನು ಎರಡು ಸಲ ಬರೆಯಿರಿ. ಒಂದರ ಪ ಬದಿ, ಇನ್ನೊಂದರ ಫ ಬದಿ ಒಂದೇ ಗೆರೆಯ ಮೇಲೆ ತುದಿಗೆ ತುದಿ ತಾಗಿ ಮಲಗಿರಲಿ, ಉಳಿದ ಬದಿಗಳು ಗೆರೆಯ ಎರಡು ಕೊನೆಗಳಲ್ಲಿ ನೆಟ್ಟಗೆ ನಿಂತಿರಲಿ. ಮೇಲಿನ ತುದಿಗಳನ್ನು ಸೇರಿಸಿದರೆ ಒಂದು ತ್ರಾಪಿಜ್ಯ. ಅದರ ಸಮಾಂತರ ಬದಿಗಳು ಪ ಮತ್ತು ಫ, ಎತ್ತರ ಪ + ಫ. ವಿಸ್ತೀರ್ಣ (ಪ + ಫ)² ರ ಅರ್ಧ. ಅದನ್ನೇ ಒಳಗಿನ ಮೂರು ತ್ರಿಭುಜಗಳಾಗಿ ಕೂಡಿಸಿದರೆ ಪಫದ ಅರ್ಧ, ಮತ್ತೆ ಪಫದ ಅರ್ಧ, ನಡುವಿನದು ವ² ರ ಅರ್ಧ. ಎರಡನ್ನೂ ಸಮೀಕರಿಸಿದರೆ ಪ² + ಫ² = ವ². ನಡುವಿನ ತ್ರಿಭುಜದ ಕೋನ 90 ಡಿಗ್ರಿ ಏಕೆ ಎಂದು ಮಗಳು ಹೇಳಲಿ. ಅದನ್ನು ಹೇಳದೆ ಸಾಧನೆ ಪೂರ್ತಿಯಾಗುವುದಿಲ್ಲ.

ಎರಡು ದಾರಿಗಳನ್ನು ಮಾತ್ರ ದಯವಿಟ್ಟು ತೋರಿಸಬೇಡಿ. ನಿರ್ದೇಶಾಂಕಗಳ ದೂರಸೂತ್ರ ಹಾಕಿ ಒಂದೇ ಸಾಲಿನಲ್ಲಿ ಪೈಥಾಗೊರಸ್ ಸಾಧಿಸಬಹುದು ಎಂದು ಕೆಲವರು ಮಕ್ಕಳಿಗೆ ಹೇಳುತ್ತಾರೆ. ಸೈನ್ ವರ್ಗ, ಕೊಸೈನ್ ವರ್ಗ ಕೂಡಿದರೆ 1 ಎಂಬುದನ್ನು ಹಿಡಿದುಕೊಂಡೂ ಹಾಗೆ ಮಾಡುತ್ತಾರೆ. ಶಾಲೆಯ ಪುಸ್ತಕದಲ್ಲಿ ಆ ಎರಡೂ ಹುಟ್ಟಿರುವುದೇ ಪೈಥಾಗೊರಸ್ ಪ್ರಮೇಯದಿಂದ. ನಿಮ್ಮ ಮಗಳು ಅವುಗಳಲ್ಲಿ ಒಂದನ್ನು ಕಾರಣವಾಗಿ ಬರೆದರೆ, ಆ ಕಾರಣಕ್ಕೆ ಕಾರಣವೇನೆಂದು ಕೇಳಿ.